ಇರುಳವ್ವ ಎಲೆ-ಅಡಿಕೆ ಮುಟ್ಟುತ್ತಿರಲಿಲ್ಲ

ಶಾಂತಕ್ಕ, ನಿಮ್ಮ ತಮ್ಮ ತಂದಿದ್ದ ಎಲೆ-ಅಡಿಕೆಯನ್ನು ನಿಮ್ಮ ಮಗ ಮಂಜು ತಳ್ಳಿದ್ದು ತನ್ನ ಹಟದಿಂದಲ್ಲ — ನನ್ನ ಮಾತಿನಿಂದ. ಇಷ್ಟು ವರ್ಷ ಇದನ್ನು ನಿಮಗೆ ಹೇಳಲಿಲ್ಲ. ಹರಿಹರದಲ್ಲಿ ನಿಮ್ಮ ಪಕ್ಕದ ಮನೆಯಲ್ಲಿ ಬೆಳೆದು, ನಿಮ್ಮ ಕೈಯ ರೊಟ್ಟಿ ತಿಂದವಳು ನಾನು. ಉಂಡ ಮನೆಗೆ ಎರಡು ಬಗೆದೆ.

ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ ನಾನು ಮೊಬೈಲಿನಲ್ಲಿ ಬರೆಯತೊಡಗಿದ ಧಾರಾವಾಹಿ ನಿಮಗೆ ಗೊತ್ತು. ಮಗಳನ್ನು ಕಳೆದುಕೊಂಡ ಇರುಳವ್ವ ದೆವ್ವದ ಕತ್ತಿ ಹಿಡಿದು ಸೇಡು ತೀರಿಸಿಕೊಳ್ಳುವ ಕಥೆ. ಒಬ್ಬೊಬ್ಬನನ್ನು ಕೊಂದಾಗಲೂ ಅವಳ ಒಂದು ನೆನಪು ಕತ್ತಿಯ ಪಾಲು. ಕೊನೆಗೆ ಮಗಳೇ ಮರೆತುಹೋಗಬೇಕು — ನಾನು ಬರೆಯಹೊರಟದ್ದು ಆ ನಷ್ಟವನ್ನು. ಓದುವ ಹುಡುಗರಿಗೆ ಕಂಡದ್ದು ಕತ್ತಿ ಮಾತ್ರ. ಇಲ್ಲಿ ನಮ್ಮ ಆನೆಕೊಂಡ ಬಡಾವಣೆಯ ಆಟೋಗಳ ಹಿಂದೆ ಅವಳ ಸ್ಟಿಕ್ಕರ್, ಮಂಜುವಿನ ಬೈಕಿನ ಮೇಲೂ ಅವಳೇ. ತಪ್ಪು ತಿಳಿದಿದ್ದೀರಪ್ಪಾ ಎನ್ನಬೇಕಿತ್ತು. ಹೊಗಳಿಕೆಯಿಂದ ಹೊಟ್ಟೆ ತುಂಬುತ್ತದೆಯೇ ಅನ್ನುತ್ತಾರೆ, ನನಗೆ ತುಂಬಿತ್ತು. ಅವರ ಆಸೆಗೆಂದು ಇನ್ನೆರಡು ಕೊಲೆ ಸೇರಿಸಿದೆ.

ಆಮೇಲೆ ನಿಮ್ಮ ಯಜಮಾನರು ಹೋದರು. ಲಾರಿ ಓಡಿಸುತ್ತಿದ್ದವನು ನಿಮ್ಮ ತಮ್ಮ, ಪಕ್ಕದಲ್ಲಿ ಕೂತಿದ್ದವರು ಅವನ ಭಾವ; ತಮ್ಮ ಒಂದು ಗಳಿಗೆ ತೂಕಡಿಸಿದ, ಲಾರಿ ಉರುಳಿತು. ವರ್ಷ ತುಂಬಿದ ಮೇಲೆ ಹಿರಿಯರನ್ನು ಕರೆದುಕೊಂಡು ಬಂದು, ತಟ್ಟೆಯಲ್ಲಿ ಎಲೆ-ಅಡಿಕೆ ಇಟ್ಟು, ಅಳಿಯ ಮಂಜುವಿನ ಮುಂದೆ ತಲೆ ತಗ್ಗಿಸಿ ನಿಂತ. ಅದನ್ನು ತಗೊಂಡರೆ ರಾಜಿ, ಎರಡೂ ಮನೆ ಮತ್ತೆ ಒಂದು. ನೀವು ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲ ಹತ್ತಿರ ನಿಂತಿದ್ದಿರಿ; ತವರಿಗೆ ಬಂದಿದ್ದ ನಾನು ಮಂಜುವಿನ ಪಕ್ಕದಲ್ಲಿದ್ದೆ. ಮಂಜುವಿನ ಕೈ ಮುಂದೆ ಬಂದಿತ್ತು — ನಾನು ನೋಡಿದ್ದೇನೆ, ಬಂದಿತ್ತು — ಅಷ್ಟರಲ್ಲಿ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ.

“ಅಕ್ಕ, ಇರುಳವ್ವ ಆಗಿದ್ರೆ ತಗಂತಿದ್ಲಾ?”

“ಅವಳೆಲ್ಲಿ ತಗಂತಾಳೆ,” ಎಂದೆ. “ಮುಟ್ತಾನೂ ಇರ್ಲಿಲ್ಲ.”

ಸುಳ್ಳಲ್ಲ. ಅವಳು ಮುಟ್ಟುತ್ತಿರಲಿಲ್ಲ — ಅದಕ್ಕೇ ಅವಳು ಹಾಳಾದದ್ದು. ಈ ಇನ್ನರ್ಧ ಮಾತನ್ನು ಯಾಕೆ ನುಂಗಿದೆ? ಅಷ್ಟು ಜನರ ನಡುವೆ ನನ್ನ ಕಥೆಯನ್ನು ನೆನೆದು ಕೇಳಿದನಲ್ಲ ಎಂಬ ಹಿಗ್ಗು, ಶಾಂತಕ್ಕ. ಅಷ್ಟೇ.

ಮಂಜು ತಟ್ಟೆ ಸರಿಸಿದ. ಆ ಮಳೆಗಾಲ ಮುಗಿಯುವಷ್ಟರಲ್ಲಿ ನಿಮ್ಮ ತಮ್ಮ ಕಾಮಾಲೆಯಿಂದ ತೀರಿಕೊಂಡ. “ಅವನ ಸಾವಿಗೆ ನೀನು ಹೋದರೆ ನಾನು ನಿನ್ನ ಮಗನೇ ಅಲ್ಲ” ಎಂದನಂತೆ ಮಂಜು. ಒಡಹುಟ್ಟಿದವನ ಮಣ್ಣಿಗೂ ನೀವು ಹೋಗಲಿಲ್ಲ. ಹಿತ್ತಲಲ್ಲಿ ಒಬ್ಬರೇ ಕೂತು ಅತ್ತಿರೆಂದು ನನ್ನ ಅಮ್ಮ ಹೇಳಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಕಥೆಯನ್ನು ಎಳೆದು ಎಳೆದು, ಹೋದ ವಾರ ಕೊನೆಯ ಕಂತು ಹಾಕಿದೆ. ಇರುಳವ್ವ ಮಗಳ ಸಮಾಧಿಯ ಮುಂದೆ ನಿಂತು, ಇದು ಯಾರದು ಎಂದು ದಾರಿಹೋಕರನ್ನು ಕೇಳುತ್ತಾಳೆ. ಈಗಲಾದರೂ ಅವನಿಗೆ ತಿಳಿಯುತ್ತದೆ ಅಂದುಕೊಂಡೆ. ಮಂಜು ಬರೆದ — “ಸೂಪರ್ ಅಕ್ಕ. ಇನ್ನು ಅವಳಿಗೆ ಅಳಾಕೂ ಯಾರಿಲ್ಲ, ಇನ್ನೂ ಡೇಂಜರ್ ಆಗ್ತಾಳೆ. ಎರಡನೇ ಭಾಗ ಯಾವಾಗ?”

ನಾಳೆ ಬೆಳಿಗ್ಗೆ ಹರಿಹರಕ್ಕೆ ಬರುತ್ತೇನೆ. ಮಂಜುವಿನ ಎದುರಿಗೇ ಎಲ್ಲವನ್ನೂ ಹೇಳುತ್ತೇನೆ. ನೀವು ಒಳಗೆ ಕರೆಯಬೇಕೆಂದಿಲ್ಲ. ಹೇಳಿದರೂ, ನಿಮ್ಮ ತಮ್ಮನ ಮುಖ ಕೊನೆಯ ಸಲ ನೋಡಲು ನಿಮಗೆ ಸಿಗುವುದಿಲ್ಲ.