ಮೈಕಣ್ಣನ ಅರ್ಧ ಗಂಟೆ

ಜೆರಾಕ್ಸ್ ಅಕ್ಕನ ಅಂಗಡಿಗೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದು ನೊಣವೂ ಬರುವುದಿಲ್ಲ. ಬೇರೆಯವರಾಗಿದ್ದರೆ ಬಾಗಿಲನ್ನು ಅರ್ಧ ಎಳೆದು ಒಂದು ಜೊಂಪು ತೆಗೆಯುತ್ತಿದ್ದರು. ಈ ಮಹಾತಾಯಿ ತನ್ನ ಹುಚ್ಚಾಟಗಳನ್ನೆಲ್ಲ ನಡೆಸುತ್ತಿದ್ದದ್ದೇ ಆ ಎರಡು ಗಂಟೆಯಲ್ಲಿ. ಕೆಟ್ಟು ಮೂಲೆ ಸೇರಿದ್ದ ಪ್ರಿಂಟರಿನ ಮೋಟಾರಿನಿಂದ ಜೋಗುಳ ಹಾಡಿಸಿದಳು. ಹೆಸರು ಬರೆದರೆ ಅದನ್ನು ಬಳ್ಳಿ ಎಲೆಗಳಲ್ಲಿ ಹೆಣೆದು ತೋರಿಸುವ ಪುಟವೊಂದನ್ನು ಇಂಟರ್ನೆಟ್ಟಿನಲ್ಲಿ ತಾನೇ ಕಟ್ಟಿ ನಿಲ್ಲಿಸಿದಳು. ಬಾಗಿಲು ತಳ್ಳಿದರೆ ಎಮ್ಮೆಯ ಹಾಗೆ ಕೂಗುವ ಗಂಟೆ ಮಾಡಿದಳು. ಅದಕ್ಕೆ ಬೆಚ್ಚಿಬಿದ್ದ ವಕೀಲರೊಬ್ಬರು ಕೈಯಲ್ಲಿದ್ದ ಕಾಗದವನ್ನೆಲ್ಲ ಚೆಲ್ಲಿ, ಎರಡು ವಾರ ಅತ್ತ ತಲೆಹಾಕಲಿಲ್ಲ. ನಲವತ್ತೇಳು ವರ್ಷದ ಹೆಂಗಸಿಗೆ ಇದೆಲ್ಲ ಬೇಕಿತ್ತಾ ಎಂದು ಬೀದಿಯವರು ಮೂಗು ಮುರಿದರು. ಮುರಿದುಕೊಳ್ಳಲಿ ಬಿಡಿ, ಅವರ ಮೂಗು, ಅವರಿಷ್ಟ.

ಎಲ್ಲರಿಗಿಂತ ಜಾಸ್ತಿ ನಕ್ಕವನು ಅವಳ ಸ್ವಂತ ಅಣ್ಣ. "ಲೇ ಪುಟ್ಟಿ, ನಿನ್ನ ಕಂಪ್ಯೂಟರ್‌ಗೆ ಹೇಳು, ನಂಗೆ ಒಂದು ಲೋಟ ನೀರು ತಂದ್ಕೊಡ್ಲಿ. ಆಮೇಲೆ ಒಪ್ಕೋತೀನಿ" ಎನ್ನುತ್ತಿದ್ದ.

ಈ ಅಣ್ಣ ವಾರವಿಡೀ ಟೈರಿಗೆ ತೇಪೆ ಹಾಕುವವನು. ಭಾನುವಾರ ಬಂತೆಂದರೆ ವಾಲಿಬಾಲ್ ಮೈದಾನದಲ್ಲಿ ಮೈಕು ಹಿಡಿಯುವವನು. ಮೂವತ್ತು ವರ್ಷ ಕಾಮೆಂಟ್ರಿ ಹೇಳಿ ಹೇಳಿ ಸ್ವಂತ ಹೆಸರೇ ಮರೆತುಹೋಗಿ, ಎಲ್ಲರ ಬಾಯಲ್ಲಿ ಮೈಕಣ್ಣನಾಗಿದ್ದ. ಆಟದ ತಲೆಬುಡ ಗೊತ್ತಿಲ್ಲದ ಮುದುಕಿಯರೂ ಅವನ ದನಿ ಕೇಳಲೆಂದೇ ಮಹಡಿ ಹತ್ತಿ ಕೂರುತ್ತಿದ್ದರು. ಒಳ್ಳೆಯ ಪಾಯಿಂಟ್ ಬಿದ್ದಾಗ ಅವನು ತಾನಾಗಿ ತಂಡದ ಹೆಸರು ಹೇಳುತ್ತಿರಲಿಲ್ಲ. "ಪಾಯಿಂಟ್ ಯಾರ್ದೂ?" ಎಂದು ಜನರನ್ನೇ ಕೇಳುತ್ತಿದ್ದ. ಜನ ಗಂಟಲು ಹರಿದುಕೊಂಡು ಉತ್ತರ ಕೂಗಬೇಕು. ದನಿ ಸಾಲದಿದ್ದರೆ ಮತ್ತೆ ಕೇಳುತ್ತಿದ್ದ.

ಆ ದನಿ ಒಂದು ವರ್ಷದಿಂದ ಗೊಗ್ಗರಾಗುತ್ತ ಬಂದಿತ್ತು. ಮೈದಾನದ ಧೂಳು ಎಂದು ಎಲ್ಲರೂ ತಳ್ಳಿಹಾಕಿದರು. ಗಂಟಲಿನ ಡಾಕ್ಟರು ಮಾತ್ರ ತಳ್ಳಿಹಾಕಲಿಲ್ಲ.

"ಗಡ್ಡೆ ಬೆಳೆದಿದೆ, ಧ್ವನಿಪೆಟ್ಟಿಗೆ ತೆಗೀಲೇಬೇಕು. ಜೀವಕ್ಕೇನೂ ತೊಂದ್ರೆ ಇಲ್ಲ, ಮಾತು ಹೋಗುತ್ತೆ. ಇವತ್ತಿಗೆ ಮೂರು ವಾರಕ್ಕೆ ಆಪರೇಷನ್."

ಮೈಕಣ್ಣ ಹೊರಗೆ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತ. ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ತಂಗಿ. "ಜೀವ ಇರುತ್ತಂತೆ ಕಣೆ ಪುಟ್ಟಿ. ನಾನಿರಲ್ಲ" ಎಂದ.

ಅಳುತ್ತ ಕೂರಲು ತಂಗಿಗೆ ಆ ಮೂರು ವಾರದಲ್ಲಿ ಜಾಗವಿರಲಿಲ್ಲ. ಮಾತು ಬಾರದವರಿಗೆಂದು ಸಿದ್ಧವಾಗಿ ಸಿಗುವ ಆ್ಯಪುಗಳನ್ನು ಅಂದೇ ಇಳಿಸಿಕೊಂಡು ನೋಡಿದಳು. ಒಂದರ ದನಿ, ಲಿಫ್ಟಿನಲ್ಲಿ ಬಾಗಿಲು ಮುಚ್ಚುತ್ತಿದೆ ಎಂದು ಎಚ್ಚರಿಸುವ ದನಿಯಂತಿತ್ತು. ಇನ್ನೊಂದಕ್ಕೆ ನೆಟ್‌ವರ್ಕ್ ಇಲ್ಲದಿದ್ದರೆ ಬಾಯೇ ಬಾರದು, ಮೈದಾನದಲ್ಲೋ ನೆಟ್‌ವರ್ಕಿನ ಸುಳಿವೇ ಇಲ್ಲ. "ಇವರ ಸಹವಾಸವೇ ಬೇಡ, ನಾನೇ ಮಾಡ್ತೀನಿ" ಎಂದುಕೊಂಡಳು. ಹಳೆಯ ಟ್ಯಾಬ್ಲೆಟ್ಟಿನ ಪರದೆ ತುಂಬ ಚೌಕಗಳು, ಒಂದೊಂದು ಚೌಕದ ಹಿಂದೆ ಅಣ್ಣನದೇ ದನಿಯ ಒಂದೊಂದು ಮಾತು. ಒತ್ತಿದರೆ ಮಾತಾಡಬೇಕು. ಯಾವ ಕಂಪನಿಯ ಹಂಗೂ ಬೇಡ, ನೆಟ್‌ವರ್ಕೂ ಬೇಡ.

ಅಂಗಡಿಯ ಹಿಂದಿನ ಕೋಣೆಗೆ ಕಂಬಳಿ ಕಟ್ಟಿ, ಫ್ಯಾನು ನಿಲ್ಲಿಸಿ, ಅಣ್ಣನನ್ನು ಮೈಕಿನ ಮುಂದೆ ಕೂರಿಸಿದಳು. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿ, ತಲೆಗೆ ಎಣ್ಣೆ ಹಚ್ಚಿ, ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಕೂತ. "ಇದೀಗ ಚೆಂಡು ಬಲೆಯನ್ನು ದಾಟಿ ಎದುರಾಳಿಗಳ ಅಂಕಣದಲ್ಲಿ ಬಿದ್ದಿದೆ" ಎಂದ. ಎರಡು ವಾರ ದಿನಾ ಬಂದು, ಗಂಟಲು ನೋಯಿಸಿಕೊಳ್ಳದೆ ಮೆತ್ತಗೆ, ಹೀಗೇ ಇನ್ನೂರಹತ್ತು ಮಾತು ಹೇಳಿದ. ತಂಗಿ ಹೆಡ್‌ಫೋನ್ ಹಾಕಿಕೊಂಡು ಗುಂಯ್ ಎಂಬ ಸದ್ದು ಎಲ್ಲಿ, ಪ್ರತಿಧ್ವನಿ ಎಲ್ಲಿ ಎಂದು ಹುಡುಕುವುದರಲ್ಲೇ ಮುಳುಗಿದ್ದಳು. ಎಲ್ಲೂ ಇರಲಿಲ್ಲ. ಹಾಲಿನಷ್ಟು ಶುದ್ಧ. ಜಂಬದಿಂದ ಅತ್ತಿಗೆಯನ್ನು ಕರೆದು ಟ್ಯಾಬ್ಲೆಟ್ ಕೈಗಿಟ್ಟಳು.

ಅತ್ತಿಗೆ ಒಂದು ಚೌಕ ಒತ್ತಿದಳು. ಇನ್ನೊಂದು ಒತ್ತಿದಳು.

"ಯಾರೇ ಇದು?"

"ಅಣ್ಣನೇ, ಅತ್ತಿಗೆ. ಇನ್ಯಾರು?"

"ಅಲ್ಲ ಕಣೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದೀನಿ, ಒಂದು ದಿನಾನೂ ಹೀಗೆ ಮಾತಾಡಿಲ್ಲ. ಈ ಮನುಷ್ಯ ಆಗಿದ್ರೆ ಎರಡನೇ ದಿನಾನೇ ತವರಿಗೆ ಹೋಗ್ತಿದ್ದೆ" ಎಂದು ನಗಲು ಹೋದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಜೆರಾಕ್ಸ್ ಅಕ್ಕನಿಗೆ ಆಗ ಕಣ್ಣು ತೆರೆಯಿತು. ಸದ್ದಿಲ್ಲದ ಕೋಣೆಯಲ್ಲಿ ಎರಡು ವಾರ ಕೂತು ಅವಳು ಹಿಡಿದಿಟ್ಟದ್ದು ಯಾವನೋ ವಾರ್ತೆ ಓದುವವನನ್ನು. ಬೈಯುವ, ಛೇಡಿಸುವ, ಎಗರಾಡುವ ಅಣ್ಣ ಒಳಗೆ ಬಂದೇ ಇರಲಿಲ್ಲ. ಇನ್ನೂರಹತ್ತನ್ನೂ ಅಳಿಸಿ ಹಾಕಿದಳು. ಉಳಿದದ್ದು ಐದು ದಿನ.

ಡಾಕ್ಟರ ಮುಂದೆ ಹೋಗಿ ನಿಂತಳು. "ಸಾರ್, ಒಂದೇ ಒಂದು ಮ್ಯಾಚು. ಅವನು ಕೂಗ್ಬೇಕು."

"ಕೂಗೋದಾ? ತಲೆ ಕೆಟ್ಟಿದೆಯೇನಮ್ಮ?" ಎಂದರು ಡಾಕ್ಟರು. ಆಮೇಲೆ ಅವಳ ಮುಖ ನೋಡಿ, "ಅರ್ಧ ಗಂಟೆ. ಅದರ ಮೇಲೆ ಒಂದು ನಿಮಿಷ ಇಲ್ಲ. ರಕ್ತ ಕಂಡ್ರೆ ಅಲ್ಲೇ ನಿಲ್ಲಿಸಿ ಇಲ್ಲಿಗೆ ಕರ್ಕೊಂಡು ಬನ್ನಿ" ಎಂದರು.

ಮರುದಿನ ಸಂಜೆ ಟೈರ್ ಅಂಗಡಿಯವರೂ ಪಕ್ಕದ ಬೇಕರಿಯವರೂ ಬಲೆಯ ಆಚೀಚೆ ನಿಂತರು. ಮೈಕಣ್ಣನ ಕಾಲರಿನ ಒಳಗೆ ಅತ್ತಿಗೆ ಪುಟ್ಟ ಮೈಕು ಹೊಲಿದಿದ್ದಳು. ಗಡಿಯಾರವೂ ಅವಳ ಕೈಯಲ್ಲೇ. ಮೊದಲ ಸರ್ವ್ ಬಿತ್ತು. ಮೈಕಣ್ಣ ಬಾಯಿ ತೆರೆದ. "ಇದೀಗ ಚೆಂಡು ಬಲೆಯನ್ನು ದಾಟಿ..."

ದೇವರೇ! ಒಂದು ನಿಮಿಷ ಹೋಯಿತು. ಎರಡು ಹೋಯಿತು. ನಾಲ್ಕು ನಿಮಿಷ ವಾರ್ತೆಯಲ್ಲೇ ಕಳೆಯಿತು. ದನಿ ಹಿಡಿಯುವ ಪೆಟ್ಟಿಗೆಯನ್ನು ಬಲೆಯ ಕಂಬದ ಬುಡದಲ್ಲಿಟ್ಟಿದ್ದರು. ಅದರ ವೈರು ಸರಿಯಿದೆಯೋ ಇಲ್ಲವೋ ನೋಡೋಣವೆಂದು ತಂಗಿ ಬಗ್ಗಿಕೊಂಡು ಅಲ್ಲಿಗೆ ನಡೆದಳು. ಅದೇ ಹೊತ್ತಿಗೆ ಬೇಕರಿಯವರ ಧಡೂತಿ ಆಸಾಮಿ ಗಾಳಿಗೆ ಎಗರಿ ಬಾರಿಸಿದ.

"ಪುಟ್ಟೀ! ಪಕ್ಕಕ್ಕೆ ಬಾರೇ ಕತ್ತೆ, ಬಾಲು!"

ಚೆಂಡು ಕಿವಿಗೆ ಬಡಿದು ಅವಳ ಕನ್ನಡಕ ಹಾರಿತು. ಮೈಕಣ್ಣನ ಬಾಯಿ ಕಟ್ಟೆಯೊಡೆಯಿತು. "ಲೋ ಬೇಕರಿ, ಹಿಟ್ಟು ಬಡಿಯೋ ಕೈಯಲ್ಲಿ ನಮ್ಮ ಹುಡುಗೀನ ಬಡಿತೀಯೇನೋ! ನೋಡಿ ಸ್ವಾಮಿ ನೋಡಿ, ಹೊಟ್ಟೆ ಒಂದು ಕಡೆ ಹೋಗ್ತಿದೆ, ಇವನೊಂದು ಕಡೆ! ಎತ್ತಿದ, ಎತ್ತಿದ, ಹೋಯ್ತಲ್ಲೋ! ಪಾಯಿಂಟ್ ಯಾರ್ದೂ?" ಮೈಕನ್ನು ಮರೆತ, ಗಂಟಲನ್ನು ಮರೆತ, ಆಪರೇಷನ್ನನ್ನೂ ಮರೆತ. ತಂಗಿ ಕಿವಿ ಉಜ್ಜಿಕೊಳ್ಳುತ್ತ ನೆಲದ ಮೇಲೆ ಕೂತೇ ನಕ್ಕಳು. ಏಟು ಬಿದ್ದದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ನಾನಂತೂ ಕಂಡಿಲ್ಲ.

ಅರ್ಧ ಗಂಟೆ ಮುಗಿಯಿತೆಂದು ಅತ್ತಿಗೆ ಕೈ ಎತ್ತಿದಾಗ ಚೆಂಡು ಇನ್ನೂ ಗಾಳಿಯಲ್ಲಿತ್ತು. ಮೈಕಣ್ಣ ಅದು ನೆಲ ಮುಟ್ಟುವ ತನಕ ನೋಡಿ, "ಔಟ್" ಎಂದು ಮೆಲ್ಲಗೆ ಹೇಳಿ, ತನ್ನ ಬಾಯಿಗೆ ತಾನೇ ಕೈ ಅಡ್ಡ ಇಟ್ಟುಕೊಂಡ. ಆಟಗಾರರು ಯಾರೂ ಚೆಂಡು ಎತ್ತಿಕೊಳ್ಳಲು ಹೋಗಲಿಲ್ಲ.

ನಾಲ್ಕು ತಿಂಗಳಾಯಿತು. ಆಪರೇಷನ್ ಚೆನ್ನಾಗಿ ಆಯಿತು, ಮಾತು ಹೋಯಿತು. ಅರ್ಧ ಗಂಟೆಯ ಆ ಧ್ವನಿಯಿಂದ ತಂಗಿ ಅರವತ್ತನಾಲ್ಕು ಚೌಕ ಕಟ್ಟಿದಳು. ಹಿನ್ನೆಲೆಯಲ್ಲಿ ನಾಯಿಯ ಬೊಗಳಾಟ, ಬಸ್ಸಿನ ಹಾರ್ನು ಎಲ್ಲ ಇದ್ದವು, ಒಂದನ್ನೂ ತೆಗೆಯಲಿಲ್ಲ. ತನಗೆ ಚೆಂಡು ಬಡಿಯುವ ಮುಂಚಿನ ಆ ಕೂಗನ್ನು ಮಾತ್ರ ಆಟಕ್ಕೆ ಬೇಡವೆಂದು ಬದಿಗಿಟ್ಟಳು. ಹಾಸಿಗೆಯಲ್ಲಿ ಒರಗಿಯೇ ಮೈಕಣ್ಣ ಚೌಕ ಒತ್ತುವುದು, ಧ್ವನಿ ಕತ್ತರಿಸುವುದು, ಹೊಸ ಚೌಕ ಸೇರಿಸುವುದು ಎಲ್ಲ ಕಲಿತ. ಅವಳು ಬಗ್ಗಿ ನೋಡಿದರೆ ಪರದೆಯನ್ನು ಎದೆಗೆ ಒತ್ತಿ ಮುಚ್ಚಿಕೊಳ್ಳುತ್ತಿದ್ದ.

ಆ ವರ್ಷದ ವಾಲಿಬಾಲ್ ಟೂರ್ನಮೆಂಟಿನ ಫೈನಲ್ಲಿಗೆ ಸಂಘದ ಕಾರ್ಯದರ್ಶಿ ಬೇರೊಬ್ಬ ಕಾಮೆಂಟ್ರಿಯವನನ್ನು ಗೊತ್ತುಮಾಡಿದ್ದ. "ಪಾಪ, ಅಣ್ಣ ವಿಶ್ರಾಂತಿ ತಗೊಳ್ಲಿ ಅಕ್ಕ. ಆಟಿಕೆ ಇಟ್ಕೊಂಡು ಫೈನಲ್ ನಡ್ಸೋಕಾಗುತ್ತಾ?"

"ಒಂದು ಸೆಟ್ ಕೊಡಿ. ಜನ ಬೇಡ ಅಂದ್ರೆ ನಾನೇ ಅವನ್ನ ಎಬ್ಬಿಸ್ಕೊಂಡು ಹೋಗ್ತೀನಿ" ಎಂದಳು ತಂಗಿ.

ಕತ್ತಿಗೆ ತೆಳುಬಟ್ಟೆ ಕಟ್ಟಿಕೊಂಡು ಮೈಕಣ್ಣ ಹಳೆಯ ಕುರ್ಚಿಯಲ್ಲಿ ಕೂತ. ಮೊದಲ ಸ್ಮ್ಯಾಷ್ ನೆಲಕ್ಕೆ ಬಿತ್ತು, ಅವನ ಬೆರಳು ಪರದೆಗೆ ಬಿತ್ತು. ನಾಲ್ಕೂ ಕಂಬದ ಸ್ಪೀಕರುಗಳು ಒಟ್ಟಿಗೆ ಕೂಗಿದವು. "ಎತ್ತಿದ, ಎತ್ತಿದ, ಹೋಯ್ತಲ್ಲೋ! ಪಾಯಿಂಟ್ ಯಾರ್ದೂ?"

ಆಗ ಎದ್ದ ಗದ್ದಲಕ್ಕೆ ಮಹಡಿಯ ಮುದುಕಿಯರೂ ಎದ್ದು ನಿಂತರು. ಸೆಟ್ ಮುಗಿಯುವಷ್ಟರಲ್ಲಿ ಹೊಸ ಕಾಮೆಂಟ್ರಿಯವನೇ ಎಲ್ಲರಿಗಿಂತ ಜೋರಾಗಿ ಉತ್ತರ ಕೂಗುತ್ತಿದ್ದ. ಬಿಡುವಿನಲ್ಲಿ ಮೈಕಣ್ಣ ಎದ್ದುಹೋಗಿ ಒಂದು ಲೋಟ ನೀರು ತಂದು, ತಂಗಿಯತ್ತ ಹುಬ್ಬು ಹಾರಿಸಿ, ಟ್ಯಾಬ್ಲೆಟ್ಟಿನ ಮುಂದೆ ಇಟ್ಟ. ಅವಳು ಅದನ್ನು ಗಟಗಟ ಕುಡಿದಳು.

ಐದನೆಯ ಸೆಟ್ಟಿನ ಕೊನೆಯ ಚೆಂಡು ನೆಲ ಮುಟ್ಟಿತು. "ಪಾಯಿಂಟ್ ಯಾರ್ದೂ?" ಜನ ಗೆದ್ದ ತಂಡದ ಹೆಸರು ಕೂಗಿದರು. ಮೈಕಣ್ಣ ತಲೆ ಅಲ್ಲಾಡಿಸಿ ಮತ್ತೆ ಒತ್ತಿದ. "ಪಾಯಿಂಟ್ ಯಾರ್ದೂ?" ಜನ ಇನ್ನೂ ಜೋರಾಗಿ ಕೂಗಿದರು. ಅವನು ಅದಕ್ಕೂ ಇಲ್ಲವೆಂದು ತಲೆ ಅಲ್ಲಾಡಿಸಿದ. ಮೈದಾನಕ್ಕೆ ಮೈದಾನವೇ ಕಿವಿ ನೆಟ್ಟಗೆ ಮಾಡಿ ಕಾಯಿತು. ಪರದೆಯ ಮೂಲೆಯಲ್ಲಿ ಜೆರಾಕ್ಸ್ ಅಕ್ಕ ಮಾಡದ ಒಂದು ಕೆಂಪು ಚೌಕವಿತ್ತು. ಅವನು ಅದನ್ನು ಒತ್ತಿದ.

"ಪುಟ್ಟೀ!"

ಅವಳು ಕನ್ನಡಕ ತೆಗೆದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಜನ ಅದೇ ಹೆಸರು ಕೂಗುತ್ತಿದ್ದರು, ಅಣ್ಣ ಒತ್ತುತ್ತಲೇ ಇದ್ದ.