ನೋಣಯ್ಯ ದೋಣಿಗಾಡಿಗೆ ಎಣ್ಣೆ ಹಚ್ಚಿದ್ದು

ಬೊಕ್ಕಪಟ್ಣದ ನೋಣಯ್ಯನಿಗೆ ಗಾಡಿ ರಿಪೇರಿಯೊಂದನ್ನು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಹಾಗೆಂದು ಅವನೆದುರು ಹೇಳುವ ಧೈರ್ಯ ಅವನ ಹೆಂಡತಿ ದೇಯಿಗೆ ಮಾತ್ರ ಇತ್ತು. ಅರುವತ್ತು ದಾಟಿದ ಮನುಷ್ಯ. ಬಾಯಲ್ಲಿ ಸದಾ ಎಲೆಅಡಿಕೆ, ಮಾತಿನಲ್ಲಿ ಸದಾ ತನ್ನ ಕೈಯ ಗುಣಗಾನ. ತಾನು ಕೂರಿಸಿದ ಚಕ್ರ ಮೊಮ್ಮಕ್ಕಳ ಕಾಲಕ್ಕೂ ಅಲುಗುವುದಿಲ್ಲ ಎಂದು ಅವನೇ ಸಾರುತ್ತಿದ್ದ. ಬೇರೆಯವರು ಹೊಗಳುವ ತನಕ ಕಾಯುವ ತಾಳ್ಮೆ ಅವನಿಗಿರಲಿಲ್ಲ.

೧೯೩೪ರ ಹೊತ್ತಿಗೆ ಆ ಗುಣಗಾನ ಕೇಳುವವರೂ ಕಡಿಮೆಯಾದರು. ಬಂದರಿನ ಬದಿಯಲ್ಲಿ ಕಬ್ಬಿಣದ ಕಾರ್ಖಾನೆಯೊಂದು ಶುರುವಾಗಿ ಊರಿಗೆ ಊರೇ ಕಬ್ಬಿಣದ ಚಕ್ರಕ್ಕೆ ಮರುಳಾಗಿತ್ತು. ನೋಣಯ್ಯನ ಅಂಗಳಕ್ಕೆ ಗಾಡಿ ಬಾರದೆ ಆರು ತಿಂಗಳು. ಕೆಲಸವಿಲ್ಲದ ಗಂಡಸು ಮನೆಯಲ್ಲಿ ಕೂತರೆ ಹೇಗಿರುತ್ತದೆಂದು ದೇಯಿಯನ್ನೇ ಕೇಳಬೇಕು. ಅವಳ ಕೋಳಿಗೂಡು, ನೀರು ಸೇದುವ ರಾಟೆ, ಕೂರುವ ಮಣೆ ಎಲ್ಲವನ್ನೂ ಅವನು ರಿಪೇರಿ ಮಾಡಿ ಮಾಡಿ ಹಾಳುಗೆಡವಿದ್ದ.

ಅಂಥ ಹೊತ್ತಿನಲ್ಲಿ ಮಣ್ಣಗುಡ್ಡದ ವಿಷ್ಣುಮೂರ್ತಿ ಭಟ್ಟರು ಹೇಳಿ ಕಳುಹಿಸಿದರು. ಅವರದು ಪೂಜೆಯ ಮನೆತನ. ನದಿಯ ನಡುವಿನ ಕುದ್ರುವಿನಲ್ಲಿ ಅವರಿಗೆ ತೆಂಗಿನ ತೋಟವಿತ್ತು. ಕಾಯಿ ತರುವ ದೋಣಿಯನ್ನು ಮೇ ತಿಂಗಳ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವ ಮುಂಚೆ ಗಾಡಿಗೇರಿಸಿ ಮನೆಗೆ ತರುವುದು, ನಾಲ್ಕು ತಿಂಗಳು ಗಾಡಿಯ ಸಮೇತ ಅಂಗಳದ ಮಾಡಿನಡಿ ನಿಲ್ಲಿಸುವುದು ಅವರ ರೂಢಿ. ಆ ಗಾಡಿಗೂ ಈಗ ನಲವತ್ತು ವರ್ಷ. ಒಂದು ಚಕ್ರ ವಾಲಿತ್ತು, ಅಚ್ಚು ಗೆದ್ದಲಿನ ಪಾಲಾಗಿತ್ತು. ಒಲೆಗೆ ಹಾಕಿ ಕಬ್ಬಿಣದ್ದು ತರೋಣವೆಂದು ಮಗ ಬಾಲಚಂದ್ರ ಹಟ ಹಿಡಿದಿದ್ದ. ಒಮ್ಮೆ ನೋಣಯ್ಯ ನೋಡಲಿ, ಆಗದಿದ್ದರೆ ಕಬ್ಬಿಣದ್ದೇ ಸೈ ಎಂದರು ಭಟ್ಟರು. ಈ ಮನೆಯೂ ಕೈಬಿಟ್ಟರೆ ಇನ್ನು ಯಾರೂ ತನ್ನನ್ನು ಕರೆಯುವುದಿಲ್ಲವೆಂಬುದು ನೋಣಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಆ ದಿನ ಎಂದಿಗಿಂತ ಎರಡರಷ್ಟು ಬಡಾಯಿ ಕೊಚ್ಚಿದ.

ಕೆಲಸ ಮಾತ್ರ ಚಿನ್ನದಂಥದ್ದು, ಸುಳ್ಳು ಹೇಳಬಾರದು. ಕಿರಾಲುಬೋಗಿ ಮರದ ಹೊಸ ಅಚ್ಚು ಕೆತ್ತಿದ. ಸಡಿಲವಾದ ಅರಗಳನ್ನೆಲ್ಲ ಕಿತ್ತು ಹೊಸದು ಹೊಡೆದ. ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಚಕ್ರಕ್ಕೆ ತೊಡಿಸಿ ನೀರು ಹೊಯ್ದಾಗ ಎದ್ದ ಹೊಗೆಯಲ್ಲಿ ನಿಂತು ಮಗುವಿನ ಹಾಗೆ ನಕ್ಕ. ಹತ್ತು ದಿನ ದೇಯಿಯ ಮನೆಯಲ್ಲಿ ಏನೊಂದೂ ಮುರಿಯಲಿಲ್ಲ.

ಹನ್ನೊಂದನೆಯ ದಿನ ಎಣ್ಣೆ ಹಚ್ಚಿದ. ನೀರಿಗಿಳಿಯುವ ಮರಕ್ಕೆ ಬೂತಾಯಿ ಮೀನಿನ ಎಣ್ಣೆ ಕುಡಿಸುವುದು ಅವನ ಅಜ್ಜನ ಕಾಲದ ಪದ್ಧತಿ. ಬೊಕ್ಕಪಟ್ಣದಲ್ಲಿ ಅದೊಂದು ವಾಸನೆಯೇ ಅಲ್ಲ, ಅಲ್ಲಿನ ಗಾಳಿಯೇ ಹಾಗೆ. ಭಟ್ಟರ ಮನೆಯದೆಂಬ ಗೌರವಕ್ಕೆ ಒಂದು ಸಲ ಹಚ್ಚುವಲ್ಲಿ ಮೂರು ಸಲ ಹಚ್ಚಿದ.

ಗಾಡಿ ಮಣ್ಣಗುಡ್ಡ ತಲುಪುವಾಗ ಹಿಂದಿನಿಂದ ಏಳು ಬೆಕ್ಕುಗಳಿದ್ದವು. ಭಟ್ಟರ ಹೆಂಡತಿ ನೀರಜಾಕ್ಷಮ್ಮ ಗೇಟಿನ ತನಕ ಬಂದು ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ನೋಣಯ್ಯ, ಇದಕ್ಕೆ ಎಂತ ಹಚ್ಚಿದ್ದು?"

"ಬೂತಾಯಿ ಎಣ್ಣೆ ಅಮ್ಮ. ಒಂದಲ್ಲ, ಮೂರು ಸಲ," ಎಂದ ನೋಣಯ್ಯ ಎದೆಯುಬ್ಬಿಸಿ. ಹೇಳಿ ಮುಗಿಸಿದ ಮೇಲೆ ಅವನಿಗೆ ಅರ್ಥವಾಯಿತು. ನೋಣಯ್ಯ ಮರವನ್ನು ನೋಡಿದ್ದ, ಆ ಮರ ಹೋಗಿ ನಿಲ್ಲುವ ಮನೆಯನ್ನು ನೋಡಿರಲಿಲ್ಲ.

ಗಾಡಿ ಗೇಟಿನ ಹೊರಗೇ ಉಳಿಯಿತು. ಬಾಲಚಂದ್ರ ಸುಮ್ಮನೆ ನಕ್ಕ. ಆ ನಗು ನೋಣಯ್ಯನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ಗಾಡಿಯನ್ನು ವಾಪಸು ತಂದು ಗಂಡಹೆಂಡತಿ ಇಬ್ಬರೂ ಬೂದಿ ಹಾಕಿ ತಿಕ್ಕಿದರು, ಹುಣಸೆಹುಳಿ ಹಾಕಿ ತಿಕ್ಕಿದರು, ಅಂಟುವಾಳದ ನೊರೆಯಲ್ಲಿ ಮೀಯಿಸಿದರು. ಮದುಮಗಳಿಗೂ ಅಷ್ಟು ಉಪಚಾರ ನಡೆಯುವುದಿಲ್ಲ. ವಾಸನೆ ಜಗ್ಗಲಿಲ್ಲ, ಒದ್ದೆಯಾಗಿ ಇನ್ನಷ್ಟು ಚುರುಕಾಯಿತು. ದೇಯಿ ನಗಲಾರದೆ ನಗುತ್ತಿದ್ದಳು. ನೋಣಯ್ಯ ಮಾತ್ರ ಆ ಎರಡು ದಿನ ತನ್ನನ್ನು ಒಮ್ಮೆಯೂ ಹೊಗಳಿಕೊಳ್ಳಲಿಲ್ಲ, ಅದನ್ನು ಕಂಡು ಅವಳಿಗೆ ಹೆದರಿಕೆಯಾಯಿತು.

ಮೂರನೆಯ ದಿನ ಮಧ್ಯಾಹ್ನ ಪಡುವಣ ಕಪ್ಪಾಯಿತು. ಗಾಳಿಯ ಬೆನ್ನಿಗೇ ಮಳೆ ಹೊಡೆಯಿತು, ನದಿ ಕೆಂಪಗೆ ಏರತೊಡಗಿತು. ಕಡವಿನಲ್ಲಿ ಕಟ್ಟಿದ ಭಟ್ಟರ ದೋಣಿ ಹಗ್ಗ ಹರಿಯುವಂತೆ ಎಳೆದಾಡುತ್ತಿತ್ತು. ಕಬ್ಬಿಣದ ಗಾಡಿಗೆ ಇನ್ನೂ ಹೇಳಿಯೇ ಇರಲಿಲ್ಲ. ನೋಣಯ್ಯ ಯಾರೂ ಕರೆಯದೆ ಗಾಡಿ ದೂಡಿಕೊಂಡು ಕಡವಿಗೆ ಬಂದ. ಭಟ್ಟರು ಮಗನನ್ನೂ ಮನೆಯ ಎತ್ತುಗಳನ್ನೂ ಕರೆದುಕೊಂಡು ಆಗಲೇ ಅಲ್ಲಿದ್ದರು. ಗಾಡಿಯನ್ನು ದೋಣಿಗೆ ಮುಟ್ಟಿಸುವುದೋ ಬೇಡವೋ ಎಂದು ನೋಣಯ್ಯ ದೂರ ನಿಂತ.

"ಈ ದೋಣಿ ಇಷ್ಟು ವರ್ಷ ಮೀನಿನ ಮೇಲೆಯೇ ತೇಲಿದ್ದಲ್ವಾ, ಈಗ ಎಂತದ್ದು ಮಡಿ? ನೀರಿಗೆ ಇಳಿಸು ಮಾರಾಯ," ಎಂದು ಭಟ್ಟರು ಶಾಲನ್ನು ಮೂಗಿಗೆ ಕಟ್ಟಿಕೊಂಡರು.

ಗಾಡಿ ನೀರಿಗಿಳಿಯಿತು, ದೋಣಿ ತೇಲಿ ಬಂದು ಅದರ ಮೇಲೆ ಕೂತಿತು. ಎತ್ತುಗಳು ಎಳೆದವು, ಮೂವರೂ ಹಿಂದಿನಿಂದ ಹೆಗಲು ಕೊಟ್ಟರು. ಮಣ್ಣಗುಡ್ಡದ ಏರಿನಲ್ಲಿ ಮೊಣಕಾಲುದ್ದದ ಕೆಸರು. ನೋಣಯ್ಯನ ಕಣ್ಣು ಅಚ್ಚಿನ ಮೇಲಿಂದ ಕದಲಲಿಲ್ಲ. ಹಿಂದೆಲ್ಲ ಆ ಏರಿನಲ್ಲಿ ಊರಿಗೇ ಕೇಳುವಂತೆ ಕಿರುಗುಟ್ಟುತ್ತಿದ್ದ ಗಾಡಿ ಈ ಸಲ ಸದ್ದಿಲ್ಲದೆ ಹತ್ತಿತು. ಬಾಲಚಂದ್ರ ಬಗ್ಗಿ ಚಕ್ರವನ್ನು ನೋಡಿದ, ಮತ್ತೊಮ್ಮೆ ನೋಡಿದ.

ಗೇಟಿನಲ್ಲಿ ನೀರಜಾಕ್ಷಮ್ಮ ಕೊಡೆ ಹಿಡಿದು ನಿಂತಿದ್ದರು. ಗಾಡಿ ಒಳಗೆ ಹೋದರೆ ನಾಲ್ಕು ತಿಂಗಳು ಆ ವಾಸನೆ ಅವರದೇ ಪಾಲು. ಎಲ್ಲರೂ ಅವರ ಮುಖ ನೋಡಿದರು. ಅವರು ತುಳಸಿಕಟ್ಟೆಯಿಂದ ಆದಷ್ಟು ದೂರದ ಮೂಲೆಯತ್ತ ಕೈ ತೋರಿಸಿ, ಗೇಟನ್ನು ತಾವೇ ಪೂರ್ತಿ ತೆರೆದರು.

ದೋಣಿ ಮಾಡಿನಡಿ ಸೇರಿತು. ನೋಣಯ್ಯ ತಲೆ ತಗ್ಗಿಸಿ ಹೊರಟಿದ್ದ. ನೀರಜಾಕ್ಷಮ್ಮ ಹಿಂದಿನಿಂದ ಕರೆದರು.

"ನೋಣಯ್ಯ, ನಮ್ಮ ಎತ್ತಿನ ಗಾಡಿಯ ಚಕ್ರ ಸಹ ಸಡಿಲ ಉಂಟು. ಮಳೆ ಬಿಟ್ಟಾಗ ಬಂದು ನೋಡು. ಎಣ್ಣೆ ಮಾತ್ರ ನಾನು ಕೊಡ್ತೇನೆ."