ಸಿಗದ ಚೆಂಡನ್ನು ಬಿಟ್ಟು ಬಂದ ರೊಸಾಲಿನ್

ಕದ್ರಿಯ ಫ್ಲ್ಯಾಟೊಂದರಲ್ಲಿ ತಂಗಿ ಫ್ಲಾವಿಯಾಳ ಜೊತೆ ಇರುವ ರೊಸಾಲಿನ್‌ಗೆ, ಕಳೆದದ್ದನ್ನು ಹುಡುಕದೆ ಬಿಟ್ಟು ಗೊತ್ತಿಲ್ಲ. ಆಯುಷ್ಯದ ಅರ್ಧವನ್ನು ಅವರು ಕುವೈತಿನಲ್ಲಿ, ಆಪರೇಷನ್ ಥಿಯೇಟರಿನ ನರ್ಸ್ ಆಗಿ ಕಳೆದವರು. ಹೊಟ್ಟೆ ಹೊಲಿಯುವ ಮೊದಲು, ರಕ್ತ ಹೀರಲು ಒಳಗಿಟ್ಟ ಬಟ್ಟೆ ತುಂಡುಗಳ ಲೆಕ್ಕ ಒಪ್ಪಿಸುವುದು ಅವರ ಕೆಲಸ. ಒಂದು ಕಡಿಮೆ ಬಿದ್ದರೂ ಎಷ್ಟು ದೊಡ್ಡ ಡಾಕ್ಟರಾದರೂ ಸೂಜಿ ಹಿಡಿದು ಕಾಯಲೇಬೇಕು. "ಸಿಗದೆ ಹೊಲಿಯುವ ಹಾಗಿಲ್ಲ ಸರ್" ಎನ್ನುವ ಧೈರ್ಯ ರೊಸಾಲಿನ್‌ಗಿತ್ತು. ಹಾಗೆನ್ನುವಾಗ ಒಳಗೊಳಗೇ, ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಯವರಿಗೆ ಪ್ರಾರ್ಥನೆಯೂ ಸಾಗಿರುತ್ತಿತ್ತು. ಅವರಿದ್ದಷ್ಟು ಕಾಲ ಒಂದು ತುಂಡೂ ಯಾರೊಳಗೂ ಉಳಿಯಲಿಲ್ಲ.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ರೊಸಾಲಿನ್‌ರನ್ನು ಮೇಲಿನ ಮನೆಯ ಶಶಿಪ್ರಭಾ ಗಾಲ್ಫ್‌ಗೆ ಎಳೆದರು. ಮಂಗಳವಾರ ಬೆಳಿಗ್ಗೆ ಶಶಿಪ್ರಭಾ, ಅವರ ಗಂಡ ಗುಣಪಾಲ, ರೊಸಾಲಿನ್ ಮೂವರೂ ಊರ ಹೊರಗಿನ ಗುಡ್ಡದ ಮೈದಾನಕ್ಕೆ ಹೋಗುವರು. ಒಂಬತ್ತು ಕುಳಿಗಳ ಆಟ. ಗುಣಪಾಲರದ್ದು ಹೋಟೆಲು ವ್ಯಾಪಾರ, ಊಟದ ಹೊತ್ತಿಗಿಂತ ಮೊದಲು ಗಲ್ಲಾದಲ್ಲಿ ಕೂರಲೇಬೇಕು. ರೊಸಾಲಿನ್‌ಗೆ ಮಾತ್ರ ಆ ಬೆಳಗೇ ವಾರದ ಹಬ್ಬ.

ಆದರೆ ಅವರ ಚೆಂಡು ಪೊದೆ ಸೇರಿತೆಂದರೆ ಮುಗಿಯಿತು. ಹುಡುಕಲು ನಿಯಮ ಕೊಡುವುದು ಮೂರು ನಿಮಿಷ. ಅದು ಮುಗಿದು ಎಷ್ಟೋ ಹೊತ್ತಾದರೂ ರೊಸಾಲಿನ್ ಮುಳ್ಳು ಸರಿಸುತ್ತಾ, ತುಟಿ ಅಲ್ಲಾಡಿಸುತ್ತಾ ಅಲ್ಲೇ. ಹಿಂದಿನ ತಂಡದವರು ಬಿಸಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಲ್ಲಬೇಕು. ದೂರು ಹೋಗದೆ ಇರುತ್ತದೆಯೇ? ಒಂದು ಮಂಗಳವಾರ ಆಟ ಶುರುವಾಗುವ ಮೊದಲೇ ಮೈದಾನದ ಮೇಲ್ವಿಚಾರಕ ಲೋಕಯ್ಯ ಬಂದು ನಿಂತರು.

"ಬೇಜಾರು ಮಾಡ್ಬೇಡಿ ಮೇಡಂ. ಇವತ್ತೂ ಹಿಂದಿನವರನ್ನು ನಿಲ್ಲಿಸಿದ್ರೆ ನಿಮ್ಮ ಮೂವರನ್ನು ಮಧ್ಯಾಹ್ನಕ್ಕೆ ಹಾಕ್ಬೇಕಾಗ್ತದೆ. ಕಮಿಟಿಯವರು ಹೇಳಿದ್ದು."

ಮಧ್ಯಾಹ್ನವೆಂದರೆ ಗುಣಪಾಲರಿಲ್ಲ. ಅವರಿಲ್ಲವೆಂದರೆ ಶಶಿಪ್ರಭಾ ಬರುವವರಲ್ಲ. ತನ್ನೊಬ್ಬಳಿಂದಾಗಿ ಮೂವರ ಬೆಳಗೂ ಹೋಗುತ್ತದಲ್ಲ ಎಂದು ರೊಸಾಲಿನ್‌ಗೆ ಚಿಂತೆ ಹತ್ತಿತು.

ಯಾರು ತಯಾರೋ ಅವರು ಮೊದಲು ಹೊಡೆಯುವುದು, ಮಾತೆಲ್ಲ ನಡೆಯುತ್ತಲೇ ಎಂದು ಮೂವರೂ ನಿಶ್ಚಯಿಸಿಕೊಂಡರು. ಆರು ಕುಳಿ ಸುಸೂತ್ರವಾಗಿ ಕಳೆದವು. ಏಳನೆಯದರಲ್ಲಿ ರೊಸಾಲಿನ್ ಹೊಡೆದ ಚೆಂಡು ಬಲಕ್ಕೆ ಹೊರಳಿ ನೆಟ್ಟಗೆ ಪೊದೆಗೆ.

"ಹೋಯ್ತು! ಅಂತೋನಿಯವರಿಗೆ ಡ್ಯೂಟಿ ಶುರು" ಎಂದರು ಗುಣಪಾಲ.

"ನೀವು ಸುಮ್ಮನಿರಿ" ಎಂದು ಶಶಿಪ್ರಭಾ ಗದರಿದರು. "ಕೊರಗಜ್ಜ ದೈವಕ್ಕೆ ಚಕ್ಕುಲಿ ಹರಕೆ ಹೇಳಿಕೊಳ್ತೇನೆ, ಸಿಗ್ತದೆ."

"ಒಂದು ಚೆಂಡಿಗೆ ಇಬ್ಬಿಬ್ಬರನ್ನು ಓಡಿಸ್ತೀಯಾ? ಅವರಿಗೂ ಬೇರೆ ಕೆಲಸ ಉಂಟು ಮಾರಾಯ್ತಿ!"

ಚಕ್ಕುಲಿ ಹೇಳಿಕೊಂಡರೂ ಶಶಿಪ್ರಭಾ ಜಾಣೆ. ಮೊದಲಿನದು ಸಿಗದಿದ್ದರೆ ಆಟ ಮುಂದುವರಿಸಲಿಕ್ಕೆ ಇರಲಿ ಎಂದು ರೊಸಾಲಿನ್ ಕೈಯಿಂದ ಆಗಲೇ ಇನ್ನೊಂದು ಚೆಂಡು ಹೊಡೆಸಿದರು. ಅದು ಹುಲ್ಲುಹಾಸಿನ ನಡುವೆ ಚೆಂದವಾಗಿ ಕೂತಿತು. ಆದರೂ ರೊಸಾಲಿನ್‌ರ ಕಾಲು ಪೊದೆಯ ಕಡೆಗೇ ಎಳೆಯಿತು.

ಮೂವರೂ ಹುಡುಕತೊಡಗಿದರು. ಹಿಂದಿನ ಯುವಕರು ಹತ್ತಿರವಾಗುತ್ತಿದ್ದರು. ಒಳಗೆ ಏನೋ ಬೆಳ್ಳಗೆ ಕಂಡಿತೆಂದು ರೊಸಾಲಿನ್ ಕೈ ಹಾಕಿದರೆ ಕಾಗದದ ಲೋಟ. ತಲೆಯೆತ್ತಿ ನೋಡಿದರು. ಬೆನ್ನುನೋವಿನ ಗುಣಪಾಲರು ಒಂದು ಕೈಯಲ್ಲಿ ಸೊಂಟ ಒತ್ತಿ ಹಿಡಿದು, ಮುಳ್ಳಿನ ನಡುವೆ ಬಗ್ಗಿ ಹುಡುಕುತ್ತಿದ್ದಾರೆ. ತಮಾಷೆ ಮಾಡುವ ಮನುಷ್ಯ, ಇಷ್ಟು ದಿನದಲ್ಲಿ ಒಮ್ಮೆಯೂ "ಬಿಡಿ" ಎಂದವರಲ್ಲ.

"ಗುಣಪಾಲರೇ, ಏಳಿ. ಸಾಕು."

"ಇನ್ನೂ ಸಮಯ ಉಂಟು ಸಿಸ್ಟರ್."

"ಬೇಡ. ಅದೇನು ಯಾರ ಹೊಟ್ಟೆಯೊಳಗೂ ಇಲ್ಲ."

ಹಾಗೆಂದು ಹೊರಟವರು ತಿರುಗಿ ನೋಡಲಿಲ್ಲ. ನೋಡದೆ ನಡೆಯುವುದು ಸುಲಭವಾಗಿರಲಿಲ್ಲ. ಬೆನ್ನ ಹಿಂದೆ ಯಾರೋ ಕರೆದಂತೆ ಅನ್ನಿಸುತ್ತಿತ್ತು. ಅರ್ಧಕ್ಕೆ ನಿಂತಿದ್ದ ಪ್ರಾರ್ಥನೆಯನ್ನು ನಡೆಯುತ್ತಲೇ ಮುಗಿಸಿದರು. ಈ ಸಲ ಏನನ್ನೂ ಬೇಡಲಿಲ್ಲ. ಎರಡನೆಯ ಚೆಂಡಿನ ಬಳಿಗೆ ಬಂದವರೇ ಅದನ್ನು ಹೊಡೆದು ಮುಂದೆ ನಡೆದರು.

ಕೊನೆಯ ಕುಳಿ ಮುಗಿದಾಗ ಲೋಕಯ್ಯ ನೆರಳಿನಿಂದ ಎದ್ದು ಬಂದರು.

"ಬರುವ ಮಂಗಳವಾರ ಇದೇ ಹೊತ್ತಿಗೆ ಅಲ್ವಾ ಮೇಡಂ?"

"ಮಧ್ಯಾಹ್ನಕ್ಕೆ ಹಾಕ್ತೇನೆ ಅಂದಿರಲ್ಲ?"

"ಎಂತ ಮಧ್ಯಾಹ್ನ? ಹಿಂದಿನವರಿಗೆ ನಿಮ್ಮನ್ನು ಹಿಡಿಯಲಿಕ್ಕೇ ಆಗಲಿಲ್ಲ."

ರೊಸಾಲಿನ್ ಮೈದಾನದ ಕ್ಯಾಂಟೀನಿನ ಮೆಟ್ಟಿಲ ಮೇಲೆ ಕುಸಿದು ಕೂತು, ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಒಮ್ಮೆಗೇ ಬಿಟ್ಟರು. ಗುಣಪಾಲರು ಗಡಿಯಾರ ನೋಡಿಕೊಂಡು, "ಗೋಳಿಬಜೆ ತಿನ್ಲಿಕ್ಕೂ ಸಮಯ ಉಂಟು ಇವತ್ತು. ಒಂದು ಪ್ಲೇಟ್ ಹೇಳ್ಲಾ?" ಎಂದರು.

"ಎರಡು ಹೇಳಿ" ಎಂದರು ರೊಸಾಲಿನ್. "ಒಂದು ನನಗೊಬ್ಬಳಿಗೇ."